ಹಳದಿಯಾದ ಸೋಗೆ, ಹಸಿರಾಗಿ ಉಳಿದ ಮರ

ಮಳೆ ಬಿಟ್ಟು ಬಿಸಿಲು ಬಲಿಯುವ ಅಕ್ಟೋಬರ್–ನವೆಂಬರ್ ತಿಂಗಳಲ್ಲಿ ಸುಳ್ಯ ದಾಟಿ ಅರಂತೋಡು, ಸಂಪಾಜೆಯ ಕಡೆಗೆ ಹೋಗುವವರಿಗೆ ಪಯಸ್ವಿನಿಯ ದಡದ ಅಡಿಕೆ ತೋಟಗಳ ಬಣ್ಣ ಕಣ್ಣಿಗೆ ರಾಚುತ್ತದೆ. ನಾಲ್ಕು ತಿಂಗಳ ಮಳೆ ಕುಡಿದು ಕಡುಹಸಿರಾಗಿ ಇರಬೇಕಾದ ಹೊತ್ತಿನಲ್ಲೇ ಅಲ್ಲಿನ ಮರಗಳ ಕೆಳಗಿನ ಸೋಗೆಗಳು ಹಳದಿಯಾಗಿರುತ್ತವೆ. ಮಂಡೆ ಕುಗ್ಗಿದೆ, ಗೊನೆ ಇಲ್ಲ, ಇದ್ದರೂ ನಾಲ್ಕಾರು ಕಾಯಿ. ಕೆಲವು ತೋಟಗಳಲ್ಲಿ ಈಗ ಅಡಿಕೆ ಮರಗಳೇ ಇಲ್ಲ, ರಬ್ಬರ್ ಇದೆ.

ಇದು ಹಳದಿ ಎಲೆ ರೋಗ. ನೂರು ವರ್ಷ ಮೀರಿದ ಚರಿತ್ರೆ ಇದಕ್ಕಿದೆ. ಇದರ ಕಾರಣವೇನು ಎಂಬ ಬಗ್ಗೆ ವಿಜ್ಞಾನಿಗಳ ನಡುವೆ ಒಂದು ಮಟ್ಟದ ಒಮ್ಮತ ಮೂಡಿದೆ, ಬೆಳೆಗಾರರ ನಡುವೆ ಮೂಡಿಲ್ಲ. ಸುಳ್ಯದ ತೋಟದಲ್ಲಿ ನಿಂತು ಕೇಳಿದರೆ ಒಬ್ಬರು ಮಣ್ಣು ಕೆಟ್ಟಿದೆ ಎನ್ನುತ್ತಾರೆ, ಇನ್ನೊಬ್ಬರು ನೀರು ನಿಂತದ್ದರಿಂದ ಎನ್ನುತ್ತಾರೆ, ಮೂರನೆಯವರು ಇದು ರೋಗವೇ, ಮದ್ದಿಲ್ಲ ಎಂದು ಕೈಚೆಲ್ಲುತ್ತಾರೆ. ಪುತ್ತೂರು ಮತ್ತು ಕಡಬದ ಕೃಷಿಕರಿಗೆ ಇದು ಪಕ್ಕದ ಊರಿನ ಸುದ್ದಿಯಾಗಿ ಉಳಿದಿಲ್ಲ. ತಮ್ಮ ತೋಟದಲ್ಲಿ ಒಂದು ಸೋಗೆ ಹಳದಿಯಾದರೂ ಎದೆ ಝಲ್ಲೆನ್ನುವ ಸ್ಥಿತಿ ಬಂದಿದೆ. ಹಾಗಾಗಿ ಈ ಪ್ರಶ್ನೆಯನ್ನು ಬುಡದಿಂದಲೇ ಬಿಡಿಸಿ ನೋಡಬೇಕಾಗಿದೆ.

ಬಣ್ಣಗೆಟ್ಟದ್ದೆಲ್ಲ ರೋಗವಲ್ಲ

ಎಲೆಯ ಹಸಿರು ಹೋಗಲು ಮುಖ್ಯವಾಗಿ ಮೂರು ದಾರಿಗಳಿವೆ. ಗಿಡ ಹುಟ್ಟುವಾಗಲೇ ವಂಶವಾಹಿಯಲ್ಲಿ ಆದ ವ್ಯತ್ಯಾಸ ಒಂದು. ಆಹಾರ, ನೀರು, ಗಾಳಿಯ ಕೊರತೆ ಎರಡನೆಯದು. ರೋಗಾಣು ಮೂರನೆಯದು.

ವಂಶವಾಹಿಯ ಕತೆ ನಮ್ಮ ಅಂಗಳದಲ್ಲೇ ಇದೆ. ತುಳುನಾಡಿನ ಮನೆಗಳ ಎದುರು ಬೆಳೆಯುವ ಸಂಜೆಮಲ್ಲಿಗೆಯಲ್ಲಿ ಕೆಲವೊಮ್ಮೆ ಹಸಿರು ಎಲೆಯ ನಡುವೆ ಬಿಳಿ, ಹಳದಿ ತೇಪೆಗಳು ಕಾಣುತ್ತವೆ. ಜರ್ಮನಿಯ ಕಾರ್ಲ್ ಕೊರೆನ್ಸ್ 1909ರಲ್ಲಿ ಇದೇ ಗಿಡವನ್ನು ಹಿಡಿದು, ಮರಿಗಿಡದ ಎಲೆಯ ಬಣ್ಣವನ್ನು ನಿರ್ಧರಿಸುವುದು ಬೀಜ ಕೊಟ್ಟ ತಾಯಿ ಕೊಂಬೆಯೇ ಹೊರತು ಪರಾಗ ಕೊಟ್ಟ ಗಿಡವಲ್ಲ ಎಂದು ತೋರಿಸಿದರು. ಬಿಳಿ ಕೊಂಬೆಯ ಬೀಜದಿಂದ ಬಿಳಿ ಸಸಿ, ಹಸಿರು ಕೊಂಬೆಯ ಬೀಜದಿಂದ ಹಸಿರು ಸಸಿ. ಹಸಿರುಕಣಗಳಿಗೆ ತಮ್ಮದೇ ವಂಶವಾಹಿ ಇದೆ ಎಂಬ ತಿಳಿವಳಿಕೆಗೆ ದಾರಿಯಾದ ಕೆಲಸಗಳಲ್ಲಿ ಇದೂ ಒಂದು.

ಟೊಮೆಟೊದಲ್ಲಿ ಇಂಥ ರೂಪಾಂತರಗಳು ರಾಶಿ ಇವೆ. ಚಾರ್ಲ್ಸ್ ರಿಕ್ ಎಂಬ ವಿಜ್ಞಾನಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ಟೊಮೆಟೊ ಸಂಗ್ರಹದಲ್ಲಿ ಹೊಂಬಣ್ಣದ ಎಲೆಯ 'ಆರಿಯಾ', ಬಿಳಿ ತೇಪೆಯ 'ಘೋಸ್ಟ್' ಮೊದಲಾದ ತಳಿಗಳಿವೆ. ಘೋಸ್ಟ್ ಗಿಡ ಪ್ರಖರ ಬೆಳಕಿನಲ್ಲಿ ಬಿಳುಚುತ್ತದೆ, ಮಂದ ಬೆಳಕಿನಲ್ಲಿ ಹಸಿರು ಉಳಿಸಿಕೊಳ್ಳುತ್ತದೆ. ಹಸಿರುಕಣಗಳಲ್ಲಿ ಇರಬೇಕಾದ ಒಂದು ಕಿಣ್ವ ಇಲ್ಲದ್ದರಿಂದ ಹೀಗೆ. ವಂಶವಾಹಿಯಲ್ಲೇ ಕುಂದಿರುವ ಗಿಡದಲ್ಲೂ ಬಣ್ಣ ಪರಿಸರಕ್ಕೆ ತಕ್ಕಂತೆ ಏರಿಳಿಯುತ್ತದೆ ಎಂಬ ಮಾತು ಅಡಿಕೆಯ ಚರ್ಚೆಗೂ ಬೇಕಾಗುತ್ತದೆ.

ಅಡಿಕೆಯಲ್ಲೂ ವಂಶವಾಹಿಯ ಬಣ್ಣಗೇಡು ಉಂಟು. ಸಸಿಮಡಿಯಲ್ಲಿ ಸಾವಿರ ಬೀಜ ಹಾಕಿದವರು ಪೂರ್ತಿ ಬಿಳಿಯಾದ ಒಂದೆರಡು ಮೊಳಕೆಗಳನ್ನು ಕಂಡಿರುತ್ತಾರೆ. ಬೀಜದೊಳಗಿನ ಆಹಾರ ಮುಗಿಯುವವರೆಗೆ ಬದುಕಿ ಅವು ಸಾಯುತ್ತವೆ. ಬಣ್ಣವಲ್ಲದೆ ಆಕಾರ ಬದಲಾದ ಉದಾಹರಣೆಯೂ ಇದೆ: ತುಮಕೂರಿನ ಹಿರೇಹಳ್ಳಿಯಲ್ಲಿ ಸಿಕ್ಕ ಗಿಡ್ಡ ಅಡಿಕೆ ಒಂದು ಸಹಜ ರೂಪಾಂತರ. ಅದರ ಕಾಯಿ ಮಾರಾಟಕ್ಕೆ ಬರುವಂಥದ್ದಲ್ಲ, ಆದರೆ ಅದನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಡನೆ ಕೂಡಿಸಿ ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರದಲ್ಲಿ ಗಿಡ್ಡ ಸಂಕರಗಳನ್ನು ಮಾಡಿದ್ದಾರೆ.

ಈ ಮೂರು ದಾರಿಗಳನ್ನು ಬೇರ್ಪಡಿಸುವುದು ತೋಟದಲ್ಲಿ ಸಾಧ್ಯವೇ? ಸ್ವಲ್ಪ ಮಟ್ಟಿಗೆ ಸಾಧ್ಯ. ವಂಶವಾಹಿಯ ಬಣ್ಣ ಹುಟ್ಟಿನಿಂದ ಇರುತ್ತದೆ, ಪಕ್ಕದ ಮರಕ್ಕೆ ಹೋಗುವುದಿಲ್ಲ. ಕೊರತೆಯ ಬಣ್ಣ ಮಣ್ಣಿನ ಗುಣವನ್ನು ಹಿಂಬಾಲಿಸುತ್ತದೆ, ಗೊಬ್ಬರ ಕೊಟ್ಟರೆ, ಕಣಿ ತೆಗೆದರೆ ಹೊಸ ಸೋಗೆಗಳು ಹಸಿರಾಗಿ ಬರುತ್ತವೆ. ರೋಗದ ಬಣ್ಣ ವರ್ಷ ವರ್ಷ ಮುಂದೆ ಸಾಗುತ್ತದೆ. ಹೇಳಲು ಇದು ಸುಲಭ. ಗೊಬ್ಬರವನ್ನೂ ಕಾಣದ, ಕಣಿಯೂ ಹೂತುಹೋದ, ಪಕ್ಕದಲ್ಲಿ ರೋಗವೂ ಇರುವ ತೋಟದಲ್ಲಿ ಯಾವುದು ಯಾವುದೆಂದು ಹೇಳುವುದೇ ಕಷ್ಟ.

ಮೀನಚ್ಚಿಲಿನಿಂದ ಸಂಪಾಜೆಗೆ

ದಾಖಲೆಗಳ ಪ್ರಕಾರ ಈ ರೋಗ ಮೊದಲು ಗಮನಕ್ಕೆ ಬಂದದ್ದು 1914ರಲ್ಲಿ, ಮಧ್ಯ ಕೇರಳದ ಮೂವಾಟ್ಟುಪುಳ, ಮೀನಚ್ಚಿಲ್, ಚಾಲಕ್ಕುಡಿ ಭಾಗಗಳಲ್ಲಿ. ಮೀನಚ್ಚಿಲ್ ಎಂಬ ಹೆಸರು ಗಮನಿಸಬೇಕಾದದ್ದು. ಅದೇ ತಾಲ್ಲೂಕಿನ ಈರಾಟ್ಟುಪೇಟೆಯಲ್ಲಿ 1882ರ ದೊಡ್ಡ ನೆರೆಯ ಬಳಿಕ ತೆಂಗಿನ ಬೇರು ಸೊರಗು ರೋಗ ಕಾಣಿಸಿಕೊಂಡಿತ್ತು. ತೆಂಗು, ಅಡಿಕೆ ಎರಡರ ರೋಗಗಳೂ ಒಂದೇ ನೆಲದ ಸುತ್ತ ಶುರುವಾದದ್ದು, ಎರಡೂ ಮರವನ್ನು ತಕ್ಷಣ ಕೊಲ್ಲದೆ ವರ್ಷಗಟ್ಟಲೆ ಸೊರಗಿಸುವುದು ಕಾಕತಾಳೀಯವಲ್ಲ ಎಂದು ಹಲವು ಸಂಶೋಧಕರಿಗೆ ಅನಿಸಿದೆ.

ಕರ್ನಾಟಕದಲ್ಲಿ ಶೃಂಗೇರಿ, ಕೊಪ್ಪ, ನರಸಿಂಹರಾಜಪುರ, ತೀರ್ಥಹಳ್ಳಿ ಒಂದು ಕಡೆಯ ಪಟ್ಟಿ. ಘಟ್ಟದ ಕೆಳಗೆ ಸಂಪಾಜೆ, ಅರಂತೋಡು, ತೊಡಿಕಾನ, ಮರ್ಕಂಜ, ಜೊತೆಗೆ ಕೊಡಗಿಗೆ ಸೇರಿದ ಚೆಂಬು ಇನ್ನೊಂದು ಪಟ್ಟಿ. ಸಂಪಾಜೆ ಕಣಿವೆಯ ಕುಟುಂಬಗಳಲ್ಲಿ ಒಂದು ತಲೆಮಾರು ಇದನ್ನು ನೋಡುತ್ತಲೇ ಮುಪ್ಪಾಗಿದೆ.

ಕೊಳೆರೋಗದೊಂದಿಗೆ ಇದನ್ನು ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಲೆಸ್ಲಿ ಕೋಲ್‌ಮನ್ 1910ರ ಹೊತ್ತಿಗೆ ಮೈಸೂರು ಸಂಸ್ಥಾನದಲ್ಲಿ ಕೊಳೆರೋಗವನ್ನು ಅಧ್ಯಯನ ಮಾಡಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ವಿವರಿಸಿ, ಮೈಲುತುತ್ತು–ಸುಣ್ಣದ ಬೋರ್ಡೊ ದ್ರಾವಣವನ್ನು ಬಳಕೆಗೆ ತಂದರು. ಇಂದಿಗೂ ಮಳೆಗಾಲದ ಮೊದಲು ನಾವು ಸಿಂಪಡಿಸುವುದು ಅದನ್ನೇ. ಕಾರಣ ಗೊತ್ತಾಯಿತು, ಮದ್ದು ಸಿಕ್ಕಿತು. ಹಳದಿ ಎಲೆ ರೋಗದಲ್ಲಿ ಕಾರಣ ಗೊತ್ತಾಗಲು ಆರು ದಶಕ ಬೇಕಾಯಿತು, ಗೊತ್ತಾದ ಮೇಲೂ ಮದ್ದು ಸಿಗಲಿಲ್ಲ. ಬೆಳೆಗಾರರ ಅಪನಂಬಿಕೆಯ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಮರ ಏನು ಹೇಳುತ್ತದೆ

ಹಳದಿ ಶುರುವಾಗುವುದು ಕೆಳಸುತ್ತಿನ ಎರಡು ಮೂರು ಸೋಗೆಗಳ ಗರಿಗಳ ತುದಿಯಿಂದ. ಅಲ್ಲಿಂದ ಒಳಗೆ ಹಬ್ಬುತ್ತದೆ. ಗರಿಯ ನಡುನರದ ಇಕ್ಕೆಲದಲ್ಲಿ ಹಸಿರು ಪಟ್ಟಿ ಉಳಿಯುತ್ತದೆ, ಹಸಿರು–ಹಳದಿಯ ನಡುವಿನ ಗೆರೆ ಸ್ಪಷ್ಟವಾಗಿರುತ್ತದೆ. ಇನ್ನೂ ಬಿಚ್ಚದ ಸುಳಿಯಲ್ಲಿ ಕಂದು ಗೀರುಗಳು ಕಾಣಬಹುದು. ಬರಬರುತ್ತ ಸೋಗೆಗಳು ಗಿಡ್ಡವಾಗಿ, ಬಿರುಸಾಗಿ, ಮುದುಡಿ ಬರುತ್ತವೆ. ಬೇರಿನ ತುದಿಗಳು ಕಂದಾಗಿ ಕೊಳೆಯುತ್ತವೆ. ನಳ್ಳಿ ಉದುರುತ್ತದೆ. ಉಳಿದ ಕಾಯಿಯನ್ನು ಒಡೆದರೆ ಒಳಗಿನ ತಿರುಳು ಗಟ್ಟಿಯಾಗಿರದೆ ಮೆದುವಾಗಿ, ಕಪ್ಪು ತಿರುಗಿರುತ್ತದೆ. ಚಾಲಿ ಮಾಡುವ ನಮ್ಮ ಕಡೆ ಇದರ ಪೆಟ್ಟು ಇಮ್ಮಡಿ: ಇಳುವರಿಯೂ ಹೋಯಿತು, ಬಂದದ್ದೂ ಕೋಕ ಎಂದು ತಳದ ಬೆಲೆಗೆ ಬಿತ್ತು. ರೋಗ ಹಿಡಿದ ಮೂರು ವರ್ಷಗಳಲ್ಲಿ ಇಳುವರಿ ಅರ್ಧಕ್ಕೆ ಇಳಿಯುತ್ತದೆ ಎಂದು ಸಂಶೋಧನಾ ಬರಹಗಳು ಹೇಳುತ್ತವೆ.

ಗೊಂದಲ ಹುಟ್ಟುವುದು ಆ ಹಸಿರು ಪಟ್ಟಿಯಿಂದ. ತಾಳೆ ಜಾತಿಯ ಮರಗಳಿಗೆ ಮೆಗ್ನೀಸಿಯಂ ಕೊರತೆಯಾದಾಗಲೂ ಹಳೆಯ ಸೋಗೆಗಳ ಅಂಚು ಹಳದಿಯಾಗಿ ನಡುನರದ ಬಳಿ ಹಸಿರು ಉಳಿಯುತ್ತದೆ. ಪೊಟ್ಯಾಸ್ ಕೊರತೆಯೂ ಹಳೆಯ ಸೋಗೆಗಳಲ್ಲೇ ಮೊದಲು ಕಾಣುವುದು. ಹಾಗಾಗಿ ಎಲೆಯನ್ನಷ್ಟೇ ನೋಡಿ ತೀರ್ಪು ಕೊಡಬಾರದು. ಎಲೆ, ಬೇರು, ಕಾಯಿಯ ತಿರುಳು ಮೂರನ್ನೂ ಒಟ್ಟಿಗೆ ನೋಡಬೇಕು. ತಿರುಳು ಸರಿಯಾಗಿ ಬಲಿತು ಗಟ್ಟಿಯಾಗಿದ್ದರೆ, ಸೋಗೆ ಹಳದಿಯಾಗಿದ್ದರೂ ಕೂಡಲೇ ಮರ ಕಡಿಯುವ ಮಾತು ಬೇಡ.

ಮಣ್ಣಿನ ಪಕ್ಷ

ಹಳೆಯ ವಾದ ಇದು, ಈಗಲೂ ಬೆಳೆಗಾರರಲ್ಲಿ ಬಲವಾಗಿ ನಿಂತಿರುವುದೂ ಇದೇ. ಸುಳ್ಯ–ಕಡಬದ ಕಣಿವೆಗಳಲ್ಲಿ ಮಳೆ ವಿಪರೀತ. ಮುರಕಲ್ಲಿನ ಮಣ್ಣು ಹುಳಿ. ಸುಣ್ಣದಂಶ, ಮೆಗ್ನೀಸಿಯಂ, ಪೊಟ್ಯಾಸ್, ಬೋರಾನ್ ಎಲ್ಲವೂ ಮಳೆನೀರಿನೊಂದಿಗೆ ಕೊಚ್ಚಿಹೋಗುತ್ತವೆ. ಇದರ ಮೇಲೆ, ಹಿಂದೆ ಭತ್ತ ಬೆಳೆಯುತ್ತಿದ್ದ ಬೈಲುಗದ್ದೆಗಳು ಅಡಿಕೆ ತೋಟವಾದವು. ಗದ್ದೆಯ ತಳದಲ್ಲಿ ನೀರು ಇಳಿಯದ ಗಟ್ಟಿ ಪದರ ಇರುತ್ತದೆ. ಅಡಿಕೆಯ ಬೇರಿಗೆ ಬೇಕಾದ ಗಾಳಿ ಅಲ್ಲಿ ಇಲ್ಲ. ಬೇರು ಕೊಳೆತರೆ ಸೋಗೆ ಹಳದಿಯಾಗದೆ ಇನ್ನೇನು?

ಈ ವಾದ ವಿವರಿಸುವ ಸಂಗತಿಗಳು ಕಡಿಮೆಯಲ್ಲ. ನೀರು ನಿಲ್ಲುವ ತಗ್ಗಿನ ತೋಟಗಳಲ್ಲಿ ರೋಗದ ತೀವ್ರತೆ ಹೆಚ್ಚಿರುವುದು, ಮಳೆಗಾಲ ಕಳೆದ ಕೂಡಲೇ ಹಳದಿ ಎದ್ದು ಕಾಣುವುದು, ಚೆನ್ನಾಗಿ ನೋಡಿಕೊಂಡ ತೋಟಗಳು ಹೆಚ್ಚು ಕಾಲ ತಾಳಿಕೊಳ್ಳುವುದು ಇದಕ್ಕೆ ಹೊಂದುತ್ತವೆ. ಅಡಿಕೆಗೆ ಶಿಫಾರಸಾದ ಪೋಷಣೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಸ್, ಜೊತೆಗೆ 12 ಕಿಲೊ ಸೊಪ್ಪು, 12 ಕಿಲೊ ಕಾಂಪೋಸ್ಟ್. ಇಷ್ಟನ್ನು ತಪ್ಪದೆ ಕೊಡುವ ತೋಟಗಳು ಎಷ್ಟಿವೆ? ಬೆಲೆ ಬಿದ್ದ ವರ್ಷ ಮೊದಲು ನಿಲ್ಲುವುದು ಗೊಬ್ಬರವೇ. ಸೊಪ್ಪು ತರಲು ಬೆಟ್ಟವೂ ಇಲ್ಲ, ಆಳೂ ಇಲ್ಲ.

ಬೇರು ಕೊರೆಯುವ ಜಂತುಹುಳು, ಬೇರಿನ ಶಿಲೀಂಧ್ರ, ಬಿಸಿಲಿನ ಏಟು ಇವೂ ಒಂದೊಂದು ಕಾಲದಲ್ಲಿ ಆರೋಪಿ ಸ್ಥಾನದಲ್ಲಿದ್ದವು. ಯಾವುದೂ ಒಂಟಿಯಾಗಿ ನಿಲ್ಲಲಿಲ್ಲ.

ಮಣ್ಣಿನ ಪಕ್ಷ ಎಡವುವುದು ಒಂದು ಕಡೆ. ಒಂದೇ ಮಣ್ಣು, ಒಂದೇ ನೀರು, ಒಂದೇ ಕೈಯ ಗೊಬ್ಬರ ಇದ್ದರೂ ರೋಗ ಹೊಸ ಊರಿಗೆ ದಾಟುತ್ತದೆ. ಹುಳಿಮಣ್ಣು ಪುತ್ತೂರಿನಲ್ಲೂ ಇತ್ತು, ಬೆಳ್ತಂಗಡಿಯಲ್ಲೂ ಇತ್ತು. ಹಳದಿ ಮಾತ್ರ ದಶಕಗಳ ಕಾಲ ಸಂಪಾಜೆ ಕಣಿವೆಯಲ್ಲೇ ಬೀಡುಬಿಟ್ಟು, ಅಲ್ಲಿಂದ ಗ್ರಾಮ ಗ್ರಾಮವಾಗಿ ಮುಂದುವರಿಯಿತು. ಕೊರತೆ ಹಾಗೆ ನಡೆದು ಹೋಗುವುದಿಲ್ಲ.

ರೋಗಾಣು ಪಕ್ಷ

1967ರಲ್ಲಿ ಜಪಾನಿನ ಸಂಶೋಧಕರು ಹಿಪ್ಪುನೇರಳೆಯ ಕುಬ್ಜ ರೋಗ ಮೊದಲಾದವುಗಳಲ್ಲಿ ಹೊಸ ಬಗೆಯ ಜೀವಿಗಳನ್ನು ಕಂಡರು. ಬ್ಯಾಕ್ಟೀರಿಯಾದ ಬಳಗದವು, ಆದರೆ ಕೋಶಭಿತ್ತಿ ಇಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಸಾಗಿಸುವ ನಾಳಗಳಲ್ಲಷ್ಟೇ ಬದುಕುತ್ತವೆ. ಕೋಶಭಿತ್ತಿ ಇಲ್ಲದ್ದರಿಂದ ಪೆನಿಸಿಲಿನ್ ಇವಕ್ಕೆ ತಾಗುವುದಿಲ್ಲ, ಟೆಟ್ರಾಸೈಕ್ಲಿನ್ ಕೊಟ್ಟರೆ ತಾತ್ಕಾಲಿಕವಾಗಿ ಅಡಗುತ್ತವೆ. 1994ರಿಂದ ಇವಕ್ಕೆ ಫೈಟೊಪ್ಲಾಸ್ಮಾ ಎಂಬ ಹೆಸರು.

ಅಡಿಕೆಯ ಹಳದಿ ಎಲೆ ರೋಗದ ಮರಗಳಲ್ಲಿ ಇವು ಇರುವುದನ್ನು ನಾಯರ್ ಮತ್ತು ಸೆಲಿಸ್ಕರ್ 1978ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ಮೂಲಕ ವರದಿ ಮಾಡಿದರು. ಮುಂದೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ನಾವು ಸಿಪಿಸಿಆರ್‌ಐ ಎನ್ನುವ ಸಂಸ್ಥೆ, ಈ ದಾರಿಯಲ್ಲಿ ಕೆಲಸ ಮುಂದುವರಿಸಿತು. ರೋಗವನ್ನು ಒಯ್ಯುವುದು ಪ್ರೌಟಿಸ್ಟಾ ಮೊಯೆಸ್ಟಾ ಎಂಬ ಪುಟ್ಟ ಜಿಗಿಹುಳು ಎಂದು ಗುರುತಿಸಲಾಯಿತು. ತೆಂಗಿನ ಬೇರು ಸೊರಗಿನಲ್ಲೂ ಇದೇ ಹುಳುವಿನ ಪಾತ್ರ ಇದೆ. ಈ ಕುಟುಂಬದ ಜಿಗಿಹುಳುಗಳ ಮರಿಗಳು ಕೊಳೆಯುವ ಕಸಕಡ್ಡಿಯಲ್ಲಿ, ಅಲ್ಲಿನ ಶಿಲೀಂಧ್ರ ತಿಂದು ಬೆಳೆಯುತ್ತವೆ, ದೊಡ್ಡವಾದ ಮೇಲೆ ತಾಳೆ ಮರಗಳ ರಸ ಹೀರುತ್ತವೆ. ಸೊಪ್ಪು, ಸೋಗೆ, ಹಾಳೆ ಎಲ್ಲವನ್ನೂ ಬುಡಕ್ಕೆ ಹಾಕಿ ಕೊಳೆಸುವ ನಮ್ಮ ತೋಟಗಳಲ್ಲಿ ಅವಕ್ಕೆ ನೆಲೆಯ ಕೊರತೆ ಇರದು. ಹಾಗೆಂದು ಮುಚ್ಚಿಗೆ ಬಿಡಿ ಎಂದು ಹೇಳಲಾಗದು. ಸಾವಯವ ಅಂಶ ಇಲ್ಲದ ಮುರಮಣ್ಣಿನಲ್ಲಿ ಅಡಿಕೆ ನಿಲ್ಲುವುದಿಲ್ಲ.

ಈ ಪಕ್ಷ ರೋಗ ಹರಡುವ ರೀತಿಯನ್ನು ಚೆನ್ನಾಗಿ ವಿವರಿಸುತ್ತದೆ. ಕಾಯಿಯ ತಿರುಳು ಯಾಕೆ ಕೆಡುತ್ತದೆ, ಬೇರು ಯಾಕೆ ಸಾಯುತ್ತದೆ ಎಂಬುದಕ್ಕೂ ಇಲ್ಲಿ ಉತ್ತರ ಇದೆ: ಸಕ್ಕರೆ ಸಾಗುವ ನಾಳ ಕಟ್ಟಿಕೊಂಡರೆ ಎಲೆಯ ಊಟ ಕಾಯಿಗೂ ಬೇರಿಗೂ ತಲುಪುವುದಿಲ್ಲ. ಆದರೆ ಪುರಾವೆಯಲ್ಲಿ ಒಂದು ಬಿರುಕು ಇದೆ. ರೋಗಾಣುವನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಬೆಳೆಸಿ, ಆರೋಗ್ಯವಂತ ಗಿಡಕ್ಕೆ ಸೇರಿಸಿ, ಅದೇ ರೋಗ ಬರುವುದನ್ನು ತೋರಿಸುವುದು ರೋಗಶಾಸ್ತ್ರದ ಹಳೆಯ ನಿಯಮ. ಫೈಟೊಪ್ಲಾಸ್ಮಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವುದು ಅತಿ ಕಷ್ಟ. ಹಾಗಾಗಿ ಪುರಾವೆ ಸುತ್ತುಬಳಸಿನದು: ರೋಗದ ಮರದಲ್ಲಿ ಇದೆ, ಹುಳು ಒಯ್ಯುತ್ತದೆ.

ವಂಶವಾಹಿ ಪರೀಕ್ಷೆಗಳು ಬಂದ ಮೇಲೆ ಚಿತ್ರ ಇನ್ನಷ್ಟು ಸಂಕೀರ್ಣವಾಯಿತು. ತಾಳೆ ಮರಗಳಲ್ಲಿ ಈ ಜೀವಿಗಳ ಸಂಖ್ಯೆ ಬಹಳ ಕಡಿಮೆ, ಮರದ ಎಲ್ಲ ಭಾಗದಲ್ಲೂ ಸಮನಾಗಿ ಇರುವುದಿಲ್ಲ. ಪರೀಕ್ಷೆಯಲ್ಲಿ ಸಿಗಲಿಲ್ಲ ಎಂದರೆ ಮರದಲ್ಲಿ ಇಲ್ಲ ಎಂದರ್ಥವಲ್ಲ. ಸಿಕ್ಕಾಗಲೂ ಎಲ್ಲ ಕಡೆ ಒಂದೇ ಗುಂಪಿನದ್ದು ಸಿಗಲಿಲ್ಲ. ಆಸ್ಟರ್ ಹಳದಿ ಗುಂಪಿನದ್ದೂ ಸಿಕ್ಕಿದೆ, ಭತ್ತದ ಹಳದಿ ಕುಬ್ಜ ರೋಗದ ಗುಂಪಿನದ್ದೂ ಸಿಕ್ಕಿದೆ.

ಹೈನಾನ್‌ನಿಂದ ಬಂದ ಸವಾಲು

ಚೀನಾದ ಹೈನಾನ್ ದ್ವೀಪದಲ್ಲೂ ಅಡಿಕೆ ದೊಡ್ಡ ಬೆಳೆ, ಅಲ್ಲೂ 1980ರ ದಶಕದಿಂದ ಹಳದಿ ಎಲೆ ರೋಗ. ಅಲ್ಲಿನವರೂ ವರ್ಷಗಳ ಕಾಲ ಫೈಟೊಪ್ಲಾಸ್ಮಾವನ್ನೇ ದೂರಿದರು. 2015ರಲ್ಲಿ ಅಲ್ಲಿನ ಹಳದಿ ಮರಗಳಲ್ಲಿ ಒಂದು ಹೊಸ ವೈರಸ್ ಪತ್ತೆಯಾಯಿತು. ವೆಲಾರಿವೈರಸ್ ಎಂಬ ಕುಲದ್ದು. 2020ರಲ್ಲಿ ಬಂದ ಅಧ್ಯಯನ ಈ ವೈರಸ್ಸನ್ನೇ ಹಳದಿ ಎಲೆ ರೋಗದ ಕಾರಣಕ್ಕೆ ಜೋಡಿಸಿತು. ಬಳಿಕ ಹಿಟ್ಟುತಿಗಣೆಗಳು ಅದನ್ನು ಹರಡುತ್ತವೆ ಎಂಬ ವರದಿಯೂ ಬಂತು.

ಹಾಗಾದರೆ ಸಂಪಾಜೆಯ ಹಳದಿಯೂ ವೈರಸ್ಸಿನದ್ದೇ? ಹಾಗೆ ಹಾರಿ ಹೇಳುವುದು ತಪ್ಪು. ಎರಡು ದೇಶಗಳಲ್ಲಿ ಒಂದೇ ಹೆಸರಿನ ಎರಡು ಬೇರೆ ರೋಗಗಳು ಇರಬಹುದು. ಹಳದಿ ಎಂಬುದು ಲಕ್ಷಣದ ಹೆಸರು, ಜ್ವರ ಎಂದಂತೆ. ಆದರೆ ಹೈನಾನ್‌ನ ಕೆಲಸ ನಮಗೊಂದು ಎಚ್ಚರಿಕೆ ಕೊಟ್ಟಿದೆ: ಒಂದು ಉತ್ತರ ಸಿಕ್ಕಿದೆ ಎಂದು ಹುಡುಕಾಟ ನಿಲ್ಲಿಸಬಾರದು. ಜಿಗಿಹುಳುವಿನ ಬದಲು ಹಿಟ್ಟುತಿಗಣೆ ವಾಹಕವಾದರೆ ಮಾಡಬೇಕಾದ ನಿಯಂತ್ರಣವೇ ಬೇರೆ. ಹಿಟ್ಟುತಿಗಣೆಗೆ ಇರುವೆಗಳ ನಂಟಿದೆ, ತೋಟದಲ್ಲಿ ಕೋಕೊ, ಕಾಳುಮೆಣಸು ಇದ್ದರೆ ಅವುಗಳಲ್ಲೂ ನೆಲೆ ಇದೆ.

ಹಸಿರಾಗಿ ಉಳಿದವು

ಇಲ್ಲಿಯವರೆಗಿನ ವಾದಗಳೆಲ್ಲ ಹಳದಿಯಾದ ಮರವನ್ನು ಕುರಿತವು. ಈ ಇಡೀ ಚರ್ಚೆಯಲ್ಲಿ ಅತಿ ಹೆಚ್ಚು ಬೆಲೆಯ ಸಾಕ್ಷಿ ಇನ್ನೊಂದು ಎಂದು ನಾನು ನಂಬುತ್ತೇನೆ: ಸುತ್ತಲಿನ ತೋಟವೆಲ್ಲ ಹಳದಿಯಾಗಿ ದಶಕ ಕಳೆದರೂ ಹಸಿರಾಗಿ ನಿಂತು ಗೊನೆ ಬಿಡುತ್ತಿರುವ ಒಂಟಿ ಮರಗಳು.

ಮಣ್ಣಿನ ಪಕ್ಷದಿಂದ ಇದನ್ನು ವಿವರಿಸಲಾಗದು, 9 ಅಡಿ ಆಚೆಯ ಮರಕ್ಕೆ ಇರುವ ಮಣ್ಣೇ ಇದಕ್ಕೂ ಇದೆ. ರೋಗಾಣು ಪಕ್ಷದಿಂದ ಎರಡು ವಿವರಣೆ ಸಾಧ್ಯ. ಹುಳು ಇನ್ನೂ ಅದನ್ನು ಮುಟ್ಟಿಲ್ಲ, ಅಂದರೆ ಅದೃಷ್ಟ. ಇಲ್ಲವೇ ಮುಟ್ಟಿದರೂ ಮರ ತಾಳಿಕೊಂಡಿದೆ, ಅಂದರೆ ವಂಶವಾಹಿ. ಹತ್ತಿಪ್ಪತ್ತು ವರ್ಷ ರೋಗದ ನಡುವೆ ನಿಂತ ಮರದ ವಿಷಯದಲ್ಲಿ ಅದೃಷ್ಟದ ವಾದ ದುರ್ಬಲವಾಗುತ್ತ ಹೋಗುತ್ತದೆ.

ತೆಂಗಿನಲ್ಲಿ ಈ ದಾರಿ ಫಲ ಕೊಟ್ಟಿದೆ. ಬೇರು ಸೊರಗು ರೋಗ ತೀವ್ರವಾಗಿರುವ ಪ್ರದೇಶದಲ್ಲೇ ಆರೋಗ್ಯವಾಗಿ ಉಳಿದ ಮರಗಳನ್ನು ಹುಡುಕಿ, ಸಿಪಿಸಿಆರ್‌ಐಯ ಕಾಯಂಕುಳಂ ಕೇಂದ್ರ ಕಲ್ಪಶ್ರೀ, ಕಲ್ಪರಕ್ಷಾ ತಳಿಗಳನ್ನೂ ಕಲ್ಪ ಸಂಕರ ಎಂಬ ಸಂಕರವನ್ನೂ ಕೊಟ್ಟಿತು. ರೋಗವನ್ನು ಓಡಿಸಲಾಗಲಿಲ್ಲ, ರೋಗದ ನೆಲದಲ್ಲೇ ಬೆಳೆಯುವ ತೆಂಗು ಸಿಕ್ಕಿತು.

ಅಡಿಕೆಯಲ್ಲಿ ಈವರೆಗೆ ಬಿಡುಗಡೆಯಾದ ಮಂಗಳ, ಸುಮಂಗಳ, ಶ್ರೀಮಂಗಳ, ಮೋಹಿತ್‌ನಗರ, ಸ್ವರ್ಣಮಂಗಳ ಯಾವುದನ್ನೂ ಹಳದಿ ಎಲೆ ರೋಗಕ್ಕೆ ಪೂರ್ಣ ನಿರೋಧಕ ಎಂದು ಹೇಳಲಾಗದು. ಅವೆಲ್ಲ ಇಳುವರಿ ನೋಡಿ ಆರಿಸಿದವು. ರೋಗಪೀಡಿತ ತೋಟಗಳಲ್ಲಿ ಆರೋಗ್ಯವಂತ ಮರಗಳನ್ನು ಗುರುತಿಸಿ, ಅವುಗಳನ್ನು ತಮ್ಮತಮ್ಮೊಳಗೆ ಕೂಡಿಸಿ, ಹಿಂಗಾರದ ಎಳೆ ಅಂಗಾಂಶದಿಂದ ಸಸಿ ಮಾಡುವ ಕೆಲಸವನ್ನು ವಿಜ್ಞಾನಿಗಳು ಕೈಗೆತ್ತಿಕೊಂಡಿದ್ದಾರೆ. ಅಂಗಾಂಶ ಕೃಷಿ ಇಲ್ಲಿ ಯಾಕೆ ಬೇಕು ಎಂಬುದು ಮುಖ್ಯ. ಅಡಿಕೆಗೆ ಕಸಿ ಇಲ್ಲ, ಹಿಳ್ಳೆ ಇಲ್ಲ. ಬೀಜದಿಂದಲೇ ಗಿಡ, ಅದೂ ಪರಕೀಯ ಪರಾಗಸ್ಪರ್ಶದಿಂದ. ಹಸಿರಾಗಿ ಉಳಿದ ಮರದ ಗೋಟನ್ನು ಬೀಜಕ್ಕೆ ಇಟ್ಟರೆ ತಾಯಿಯ ಗುಣ ಗೊತ್ತು, ತಂದೆ ಬಹುಶಃ ಪಕ್ಕದ ಹಳದಿ ಮರ. ಮರವನ್ನು ಇದ್ದಂತೆಯೇ ಪ್ರತಿ ಮಾಡಲು ಅಂಗಾಂಶ ಕೃಷಿ ಒಂದೇ ದಾರಿ. ಅದು ನಿಧಾನದ, ದುಬಾರಿಯ ದಾರಿ ಕೂಡ.

ನನಗೆ ನೋವಾಗುವುದು ಈ ಒಂದು ವಿಷಯದಲ್ಲಿ. ತೋಟವನ್ನು ರಬ್ಬರಿಗೆ ಬದಲಿಸುವಾಗ ಹಳದಿ ಮರಗಳ ಜೊತೆಗೆ ಹಸಿರು ಮರಗಳೂ ಉರುಳುತ್ತವೆ. ಬೆಳೆಗಾರರನ್ನು ಇದಕ್ಕೆ ದೂರುವಂತಿಲ್ಲ, ಎರಡು ಮರಕ್ಕಾಗಿ ತೋಟ ಇಟ್ಟುಕೊಳ್ಳಲು ಯಾರಿಗೂ ಆಗದು. ಆದರೆ ಸಂಪಾಜೆ, ಚೆಂಬು, ತೊಡಿಕಾನಗಳಲ್ಲಿ ಉಳಿದಿರುವ ಅಂಥ ಪ್ರತಿ ಮರಕ್ಕೂ ಸಂಖ್ಯೆ ಕೊಟ್ಟು, ಮಾಲೀಕರಿಗೆ ವರ್ಷಕ್ಕಿಷ್ಟು ಎಂದು ಸಂರಕ್ಷಣಾ ಧನ ಕೊಡುವುದು ಪಂಚಾಯಿತಿ ಮಟ್ಟದಲ್ಲೇ ಆಗಬಹುದಾದ ಕೆಲಸ. ವಿಟ್ಲದಲ್ಲಿ ಅಡಿಕೆಯ ತಳಿಸಂಗ್ರಹ ಇದೆ. ಕಡಬ ತಾಲ್ಲೂಕಿನ ಕಿದುವಿನಲ್ಲಿ ದಕ್ಷಿಣ ಏಷ್ಯಾದ ಅಂತರರಾಷ್ಟ್ರೀಯ ತೆಂಗು ತಳಿ ಭಂಡಾರವೇ ಇದೆ. ಹಸಿರಾಗಿ ಉಳಿದ ಅಡಿಕೆಯ ಸಂತತಿಗೆ ಇಷ್ಟು ಹತ್ತಿರದಲ್ಲಿ ನೆಲೆ ಇರುವಾಗ ತಡ ಮಾಡಬಾರದು.

ಬದಲಿ ಬೆಳೆ, ಪರಿಹಾರ

ರಬ್ಬರ್ ಸುಳ್ಯಕ್ಕೆ ಹೊಸತಲ್ಲ. ಶ್ರೀಲಂಕಾದಿಂದ ಮರಳಿದ ತಮಿಳರಿಗೆ ಪುನರ್ವಸತಿ ಕೊಟ್ಟ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳು ಇಲ್ಲಿ ದಶಕಗಳಿಂದ ಇವೆ. ತಾಳೆ ಎಣ್ಣೆ, ಕೋಕೊ, ಜಾಯಿಕಾಯಿ, ಕಾಫಿ, ರಂಬುಟಾನ್ ಎಲ್ಲವನ್ನೂ ಜನ ಪ್ರಯತ್ನಿಸಿದ್ದಾರೆ. ಅಡಿಕೆಯಷ್ಟು ಕಡಿಮೆ ಜಾಗದಲ್ಲಿ ಅಷ್ಟು ಆದಾಯ ಕೊಟ್ಟ, ಮಾರುಕಟ್ಟೆಗೆ ಕ್ಯಾಂಪ್ಕೊದಂಥ ಸಹಕಾರಿ ಆಸರೆ ಇರುವ ಬೆಳೆ ಇನ್ನೊಂದು ಸಿಕ್ಕಿಲ್ಲ. ಹಾಗಾಗಿ ಬದಲಿ ಬೆಳೆ ಎಂಬುದು ಒಂದೆರಡು ಎಕರೆಯ ಕುಟುಂಬಕ್ಕೆ ಬಾಯಿಮಾತಿನಷ್ಟು ಸುಲಭವಲ್ಲ.

2021–22ರ ರಾಜ್ಯ ಬಜೆಟ್‌ನಲ್ಲಿ ಹಳದಿ ಎಲೆ ರೋಗದ ಸಂಶೋಧನೆ ಮತ್ತು ಬದಲಿ ಬೆಳೆಗಾಗಿ 25 ಕೋಟಿ ರೂಪಾಯಿ ಘೋಷಣೆಯಾಯಿತು. ಹವಾಮಾನ ಆಧಾರಿತ ಬೆಳೆ ವಿಮೆ ಅಡಿಕೆಗೆ ಇದೆ, ಆದರೆ ಅದರ ಲೆಕ್ಕ ನಡೆಯುವುದು ಮಳೆ ಮತ್ತು ಉಷ್ಣಾಂಶದ ಮೇಲೆ. ಸೋಗೆ ಹಳದಿಯಾದದ್ದಕ್ಕೆ ಆ ಲೆಕ್ಕದಲ್ಲಿ ಕಾಲಂ ಇಲ್ಲ.

ಇನ್ನೂ ಬಗೆಹರಿಯದವು

ಸುಳ್ಯದಲ್ಲಿರುವುದು ಒಂದೇ ರೋಗವೇ, ಎರಡು ಮೂರು ಒಟ್ಟಿಗೆ ಇವೆಯೇ? ಮಣ್ಣಿನ ಪಕ್ಷ, ರೋಗಾಣು ಪಕ್ಷ ಎರಡನ್ನೂ ಒಂದೇ ತೋಟದಲ್ಲಿ ಒಟ್ಟಿಗೆ ಪರೀಕ್ಷಿಸುವ, ವರ್ಷಗಟ್ಟಲೆ ನಡೆಯುವ ಪ್ರಯೋಗಗಳು ಬೇಕು. ಪೋಷಣೆ ರೋಗವನ್ನು ಗುಣಪಡಿಸದಿದ್ದರೂ ಮರ ತಾಳುವ ವರ್ಷಗಳನ್ನು ಹೆಚ್ಚಿಸುತ್ತದೆ ಎಂಬುದರಲ್ಲಿ ಎರಡೂ ಪಕ್ಷಗಳು ಒಂದಾಗುತ್ತವೆ. ಎಷ್ಟು ವರ್ಷ, ಯಾವ ಖರ್ಚಿಗೆ ಎಂಬ ಲೆಕ್ಕ ಬೆಳೆಗಾರರಿಗೆ ತಲುಪಬೇಕಾಗಿದೆ.

ಸೋಂಕು ತಗುಲಿದ ಎಷ್ಟು ಕಾಲದ ಬಳಿಕ ಸೋಗೆ ಹಳದಿಯಾಗುತ್ತದೆ? ಕಡಬದ, ಪುತ್ತೂರಿನ ಹಸಿರು ತೋಟಗಳು ನಿಜವಾಗಿಯೂ ರೋಗಮುಕ್ತವೇ ಅಥವಾ ಬಣ್ಣ ತೋರಿಸದೆ ರೋಗ ಹೊತ್ತು ನಿಂತಿವೆಯೇ ಎಂಬುದು ಈ ಪ್ರಶ್ನೆಯ ಮೇಲೆ ನಿಂತಿದೆ. ರೋಗದ ಊರಿನ ಬೀಜ, ಸಸಿ ತರಬಹುದೇ ಎಂಬುದೂ ಇದರ ಭಾಗವೇ. ನಾಳದಲ್ಲಷ್ಟೇ ಬದುಕುವ ಜೀವಿ ಬೀಜದ ಮೂಲಕ ಸಾಗುವುದಿಲ್ಲ ಎಂಬುದು ಹಳೆಯ ತಿಳಿವಳಿಕೆ. ತಾಳೆ ಜಾತಿಯ ಮರಗಳ ಮಟ್ಟಿಗೆ ಆ ತಿಳಿವಳಿಕೆಯ ಮೇಲೆ ಈಗ ಪ್ರಶ್ನೆಗಳಿವೆ. ಉತ್ತರ ಸಿಗುವವರೆಗೆ ಹಳದಿ ತೋಟದ ಬೀಜ ತರದಿರುವುದು ಕ್ಷೇಮ.

ಇದರ ಮೇಲೆ 2022ರಿಂದ ಮಲೆನಾಡು, ಸುಳ್ಯ ಎರಡೂ ಕಡೆ ಎಲೆಚುಕ್ಕಿ ರೋಗದ ಹಾವಳಿ ಸೇರಿಕೊಂಡಿದೆ. ಅದು ಶಿಲೀಂಧ್ರದ್ದು, ಸಿಂಪಡಣೆಗೆ ಬಗ್ಗುತ್ತದೆ. ಆದರೆ ಚುಕ್ಕಿ ಹೆಚ್ಚಾದ ಸೋಗೆಯೂ ಹಳದಿಯಾಗಿಯೇ ಒಣಗುವುದರಿಂದ ಗುರುತಿಸುವ ಕೆಲಸ ಇನ್ನೂ ಕಠಿಣವಾಗಿದೆ. ಎರಡೂ ಒಂದೇ ಮರದಲ್ಲಿ ಇದ್ದಾಗ ಯಾವುದು ಯಾವುದಕ್ಕೆ ದಾರಿ ಮಾಡಿಕೊಡುತ್ತದೆ ಎಂಬುದು ಸ್ಪಷ್ಟವಿಲ್ಲ.

ಹಸಿರು ಮರಗಳ ತಾಳಿಕೆ ಸಂತತಿಗೆ ಇಳಿಯುತ್ತದೆಯೇ ಎಂಬುದು ಎಲ್ಲಕ್ಕಿಂತ ದೊಡ್ಡದು. ಅಡಿಕೆ ಫಲ ಕೊಡಲು ಐದಾರು ವರ್ಷ, ಇಳುವರಿ ಸ್ಥಿರವಾಗಲು ಇನ್ನೂ ಕೆಲವು ವರ್ಷ. ಅಂಗಾಂಶ ಕೃಷಿಯ ಸಸಿಯನ್ನು ಸಂಪಾಜೆಯಲ್ಲಿ ರೋಗದ ನಡುವೆಯೇ ನೆಟ್ಟು, ಅದು ನಿಂತಿತೇ ಸೋತಿತೇ ಎಂದು ಹೇಳಲು ಹತ್ತು ವರ್ಷವಾದರೂ ಬೇಕು. ಆ ಹತ್ತು ವರ್ಷ ಪರೀಕ್ಷೆಗೆ ಜಾಗ ಕೊಡುವ ಕುಟುಂಬ ಯಾವುದು, ಆ ಅವಧಿಯ ಅದರ ಆದಾಯವನ್ನು ತುಂಬಿಕೊಡುವವರು ಯಾರು ಎಂಬುದಕ್ಕೆ ಉತ್ತರ ಇನ್ನೂ ಸಿಕ್ಕಿಲ್ಲ.